ತೋಟದ ಮನೆಯ ಫ್ರಿಜ್‌ಗೆ ಸೋಲಾರ್: ಇನ್ವರ್ಟರ್ ಮೂಲಕವೋ, ನೇರ ಡಿಸಿಯೋ?

ಹೊಳಲ್ಕೆರೆ ಕಡೆಯ ನಮ್ಮ ಅಡಿಕೆ ತೋಟದ ಮನೆಗೆ ಕರೆಂಟ್ ಇಲ್ಲ. ಅಲ್ಲಿಗೆ ಮೊದಲು ಊರ ಮನೆಯ 190 ಲೀಟರಿನ ಒಂಟಿ ಬಾಗಿಲಿನ ಫ್ರಿಜ್ಜನ್ನು ತಂದು ಇನ್ವರ್ಟರ್ ಮೂಲಕ ಓಡಿಸಿದೆವು. ಆಮೇಲೆ ಅದೇ ಮೂಲೆಯಲ್ಲಿ 90 ಲೀಟರಿನ 12 ವೋಲ್ಟ್ ಡಿಸಿ (ಬ್ಯಾಟರಿಯ ಕರೆಂಟಿನಲ್ಲೇ ಓಡುವ) ಫ್ರಿಜ್ ಇಟ್ಟೆವು. ಬೇಸಿಗೆ, ಮಳೆಗಾಲ ಎರಡರಲ್ಲೂ ಎರಡನ್ನೂ ನೋಡಿಯಾಗಿದೆ.

ಅಂಗಡಿಯವರು ಮೊದಲು ಕೇಳುವುದು "ಫ್ರಿಜ್ ಎಷ್ಟು ವ್ಯಾಟ್?" ಎಂದು. ಕಂಪ್ರೆಸರ್ ಇಡೀ ದಿನ ಓಡುವುದಿಲ್ಲವಾದ್ದರಿಂದ ಲೆಕ್ಕಕ್ಕೆ ಬೇಕಾದದ್ದು ದಿನದ ಯೂನಿಟ್ (ಒಂದು ಯೂನಿಟ್ ಎಂದರೆ 1000 ವ್ಯಾಟ್ ಅವರ್). ಸ್ಟಾರ್ ಲೇಬಲ್ಲಿನ ವಾರ್ಷಿಕ ಯೂನಿಟ್ಟನ್ನು 365ರಿಂದ ಭಾಗಿಸಿ, ನಮ್ಮ ಏಪ್ರಿಲ್ ಬಿಸಿಲಿಗೆಂದು ಸ್ವಲ್ಪ ಸೇರಿಸಿಕೊಂಡರೆ ಸಾಕು. ಹಳೆಯ ಫ್ರಿಜ್ ದಿನಕ್ಕೆ ಸುಮಾರು 600 ವ್ಯಾಟ್ ಅವರ್ ತಿನ್ನುತ್ತಿತ್ತು.

ಅದಕ್ಕಿಂತ ದೊಡ್ಡ ತಲೆನೋವು ಇನ್ವರ್ಟರ್‌ನದೇ. ಒಂದು ರಾತ್ರಿ ಫ್ರಿಜ್ಜಿನ ಪ್ಲಗ್ ಕಿತ್ತು, ಬ್ಯಾಟರಿ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿದೆ. ಏನೂ ಓಡದಿದ್ದರೂ 1.25 ಆಂಪಿಯರ್ ಹರಿಯುತ್ತಿತ್ತು. ಅಂದರೆ 12 ವೋಲ್ಟಿನ ಬ್ಯಾಟರಿಯಲ್ಲಿ 15 ವ್ಯಾಟ್; 24 ಗಂಟೆಗೆ 360 ವ್ಯಾಟ್ ಅವರ್! ಫ್ರಿಜ್ಜಿಗೆ ಹಾಕುವ ಊಟದ ಅರ್ಧಕ್ಕಿಂತ ಹೆಚ್ಚನ್ನು ಬಡಿಸುವವನೇ ತಿಂದಂತಾಯಿತು. ಲೆಡ್ ಆಸಿಡ್ ಬ್ಯಾಟರಿಯ ನಷ್ಟವೂ ಸೇರಿದರೆ ದಿನಕ್ಕೆ 1200 ವ್ಯಾಟ್ ಅವರ್ ಬೇಕು.

ವರ್ಷದ ಸರಾಸರಿಯಲ್ಲಿ ಚಿತ್ರದುರ್ಗಕ್ಕೆ ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲು (ಇಡೀ ದಿನದ ಬಿಸಿಲನ್ನು ನಡುಹಗಲ ಕಡುಬಿಸಿಲಿನ ಗಂಟೆಗಳಿಗೆ ಇಳಿಸಿದ ಲೆಕ್ಕ) ಹಿಡಿಯುತ್ತಾರೆ. ಆದರೆ ಆಷಾಢದಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಮಾತ್ರ ಗರಗರ ತಿರುಗುತ್ತವೆ. ಇತ್ತ ಮಳೆಯೂ ಬರುವುದಿಲ್ಲ, ಅತ್ತ ಮೋಡವೂ ಸರಿಯುವುದಿಲ್ಲ. ನಾನು 4 ಗಂಟೆಯನ್ನೇ ಹಿಡಿದೆ. ಧೂಳು, ಕಾವು, ವೈರಿನ ನಷ್ಟ ಕಳೆದು ಅದರ ಮುಕ್ಕಾಲು ಪಾಲು, ಅಂದರೆ 3 ಗಂಟೆಯಷ್ಟು, ಕೈಗೆ ಸಿಗುತ್ತದೆ. 1200ನ್ನು 3ರಿಂದ ಭಾಗಿಸಿದರೆ 400 ವ್ಯಾಟ್ ಪ್ಯಾನಲ್. 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಉಳಿಯುವುದು 900 ವ್ಯಾಟ್ ಅವರ್. ಮೋಡದ ದಿನ ಬೆಳಕು ಹರಿಯುವ ಹೊತ್ತಿಗೆ ಇನ್ವರ್ಟರ್ ಕೂಗತೊಡಗುತ್ತಿತ್ತು. ಇಷ್ಟರ ಮೇಲೆ, ಕಂಪ್ರೆಸರ್ ಎಳೆಯುವುದು 100 ವ್ಯಾಟ್ ಆದರೂ ಶುರುವಾಗುವ ಕ್ಷಣಕ್ಕೆ ಅದರ ಹಲವು ಪಟ್ಟು ಬೇಡುವುದರಿಂದ ಸಣ್ಣ ಇನ್ವರ್ಟರ್ ಸಾಲದು.

ಡಿಸಿ ಫ್ರಿಜ್ ದಿನಕ್ಕೆ 300 ವ್ಯಾಟ್ ಅವರ್‌ನಲ್ಲೇ ಮುಗಿಸುತ್ತದೆ. ಅರ್ಧದಷ್ಟೇ ಗಾತ್ರ, ನಿಜ. ಆದರೆ ಬ್ಯಾಟರಿಯಿಂದ ನೇರವಾಗಿ ಓಡುವುದರಿಂದ ಇನ್ವರ್ಟರ್ ತೆರಿಗೆ ಇಲ್ಲ. ಲೆಕ್ಕಕ್ಕೆ 110 ವ್ಯಾಟ್ ಪ್ಯಾನಲ್ ಸಾಕು. ನಾನು 200 ಹಾಕಿದೆ. 100 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿಯಿಂದ 1000 ವ್ಯಾಟ್ ಅವರ್ ಸಲೀಸಾಗಿ ಸಿಗುತ್ತದೆ, ಸತತ ಮೂರು ದಿನ ಮೋಡ ಕವಿದರೂ ಹಾಲು ಒಡೆಯುವುದಿಲ್ಲ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವ ಗೋಜೂ ಇಲ್ಲ.

ಆದರೆ ವೈರಿನಲ್ಲಿ ಜಿಪುಣತನ ನಡೆಯದು. 10 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ವೈರ್ ಎಳೆದರೆ 5 ಆಂಪಿಯರ್‌ಗೆ ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ. ವೋಲ್ಟೇಜ್ ಸಾಲದೆಂದು ಫ್ರಿಜ್ ತಾನಾಗಿಯೇ ಆಫ್ ಆಗಬಹುದು. ಬ್ಯಾಟರಿ ಹತ್ತಿರವಿರಲಿ, ವೈರ್ 4 ಅಥವಾ 6 ಇರಲಿ.

ಮನೆ ತುಂಬ ಜನ, ಮಿಕ್ಸಿಯೂ ಓಡಬೇಕು ಎನ್ನುವವರಿಗೆ ಇನ್ವರ್ಟರೇ ಸರಿ. ನಾಲ್ಕು ಜನರ ಹಾಲು, ಮೊಸರು, ತರಕಾರಿಯಷ್ಟೇ ಆದರೆ ನನ್ನ ಮತ ಡಿಸಿಗೆ. ರಿಪೇರಿ ಮಾತ್ರ ಹಳೆಯದರದೇ ಸುಲಭ: ಸಾಮಾನ್ಯ ಫ್ರಿಜ್ಜಿನ ಮೆಕ್ಯಾನಿಕ್ ದಾವಣಗೆರೆಯ ಯಾವ ಬಡಾವಣೆಯಲ್ಲಾದರೂ ಸಿಗುತ್ತಾನೆ, ಡಿಸಿ ಕಂಪ್ರೆಸರ್ ಬಿಚ್ಚಿ ಗೊತ್ತಿರುವವರು ಕಡಿಮೆ. ಕೊಳ್ಳುವ ಮೊದಲೇ ಅದರ ಕಂಟ್ರೋಲ್ ಬೋರ್ಡ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ.