ಗೊಂದಲದ ತನಿಖೆ, ಗಟ್ಟಿ ಕಾದಂಬರಿ: ‘ಫೇಸ್‌ಲೆಸ್ ಕಿಲ್ಲರ್ಸ್’

ಸ್ವೀಡನ್ನಿನ ಹೆನ್ನಿಂಗ್ ಮಾಂಕೆಲ್ 1991ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ ಈ ಹೆಸರಿನಿಂದ ದೊರೆಯುವ ಕಾದಂಬರಿಯು ಇನ್ಸ್‌ಪೆಕ್ಟರ್ ಕುರ್ಟ್ ವಲಾಂಡರ್ ಸರಣಿಯ ಮೊದಲ ಪುಸ್ತಕ. ದಕ್ಷಿಣದ ಸ್ಕೋನೆ ಪ್ರಾಂತ್ಯದ ಹಳ್ಳಿಯೊಂದರಲ್ಲಿ ವೃದ್ಧ ರೈತ ದಂಪತಿಯ ಮೇಲೆ ಭೀಕರ ಹಲ್ಲೆ ನಡೆಯುತ್ತದೆ. ಸಾಯುವ ಮುನ್ನ ಹೆಂಡತಿ ‘ವಿದೇಶಿ’ ಎಂದಷ್ಟೇ ಉಸುರಿದ್ದು ಮಾಧ್ಯಮಗಳಿಗೆ ಸೋರಿ, ನಿರಾಶ್ರಿತರ ಶಿಬಿರಕ್ಕೆ ಬೆಂಕಿ ಬೀಳುವವರೆಗೂ ದ್ವೇಷ ಬೆಳೆಯುತ್ತದೆ.

ಆಕೆಯ ಕೊರಳಿಗೆ ಬಿಗಿದ ಕುಣಿಕೆಯ ಗಂಟು ಅಪರೂಪದ್ದು. ಅದೇ ರಾತ್ರಿ ಲಾಯದ ಕುದುರೆಗೆ ಯಾರೋ ಹುಲ್ಲು ಹಾಕಿದ್ದಾರೆ. ಇಂಥ ಸಣ್ಣ ವಿವರಗಳನ್ನು ಲೇಖಕರು ಅವಸರವಿಲ್ಲದೆ ಹರಡುತ್ತಾರೆ. ತನಿಖೆ ಬಹಳ ನಿಧಾನವೆಂದು ಕೆಲವು ಓದುಗರು ದೂರುವುದುಂಟು; ಆದರೆ ಹೆಂಡತಿ ಬಿಟ್ಟುಹೋದ, ಕುಡಿತಕ್ಕೆ ಜಾರುತ್ತಿರುವ, ಒಂದೇ ನಿಸರ್ಗಚಿತ್ರವನ್ನು ಜೀವನವಿಡೀ ಬರೆಯುತ್ತಿರುವ ತಂದೆಯ ಮುಪ್ಪಿಗೆ ಹೆದರುವ ವಲಾಂಡರ್‌ನ ಬದುಕು ಆ ನಿಧಾನಗತಿಯಿಂದಲೇ ನಮ್ಮ ಮನಸ್ಸಿಗೆ ಇಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಸಹೋದ್ಯೋಗಿ ರೂಡ್‌ಬರಿಯ ಪಾತ್ರವಂತೂ ಅಚ್ಚುಕಟ್ಟು.

ಮುಕ್ತಾಯದ ಕುರಿತ ಆಕ್ಷೇಪವನ್ನು ಮಾತ್ರ ನಾನೂ ಒಪ್ಪುತ್ತೇನೆ. ಬ್ಯಾಂಕ್ ಉದ್ಯೋಗಿಯೊಬ್ಬಳ ಅಸಾಧಾರಣ ಜ್ಞಾಪಕಶಕ್ತಿಯ ಮೇಲೆ ಇಡೀ ಪ್ರಕರಣವನ್ನು ನಿಲ್ಲಿಸಿದ್ದು, ಅಷ್ಟೊಂದು ಶ್ರಮದ ನಂತರ, ಸ್ವಲ್ಪ ಸಲೀಸಾಯಿತು.