ಈಸ್ಟ್ರೋಜನ್: ಒಂದು ವರ್ಷ ಮಾತ್ರೆ, ಎರಡು ವರ್ಷ ಜೆಲ್

ಮುಟ್ಟು ನಿಂತು ಎರಡು ವರ್ಷವಾಗಿತ್ತು. ನಡುರಾತ್ರಿ ಬೆವರಿ ಎದ್ದು, ದಿಂಬಿನ ಕವರ್ ಬದಲಾಯಿಸಿ ಮತ್ತೆ ಮಲಗುವುದು ಸಾಕುಸಾಕಾಗಿತ್ತು. ಡಾಕ್ಟರ್ ಮೊದಲು ಕೊಟ್ಟಿದ್ದು ಎಸ್ಟ್ರಾಡಿಯಾಲ್ ಮಾತ್ರೆ, ಅದು ಈಸ್ಟ್ರೋಜನ್‌ನ ಒಂದು ರೂಪ. ಕೆಲವೇ ವಾರಗಳಲ್ಲಿ ಬೆವರು ಇಳಿಯಿತು. ಅದರ ಬಗ್ಗೆ ದೂರಿಲ್ಲ.

ನನ್ನ ದೂರು ಥೈರಾಯ್ಡ್‌ದು. ಎಷ್ಟೋ ವರ್ಷದಿಂದ ಒಂದೇ ಡೋಸ್ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ)ನಲ್ಲಿ ಆರಾಮಾಗಿದ್ದವಳು ನಾನು. ಈ ಮಾತ್ರೆ ಶುರುವಾಗಿ ಮೂರು ತಿಂಗಳಿಗೆ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಾಗ ಏರುವ ಹಾರ್ಮೋನ್) ಏರಿತು, ಸುಸ್ತು ಹಿಡಿಯಿತು, ಥೈರಾಕ್ಸಿನ್ ಡೋಸ್ ಏರಿಸಬೇಕಾಯಿತು. ಕಾರಣ ಆಮೇಲೆ ತಿಳಿಯಿತು. ನುಂಗಿದ ಈಸ್ಟ್ರೋಜನ್ ಮೊದಲು ಲಿವರ್‌ಗೆ ಹೋಗುತ್ತದೆ. ಆಗ ಲಿವರ್, ಥೈರಾಯ್ಡ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತದೆ, ದೇಹಕ್ಕೆ ಸಿಗುವ ಹಾರ್ಮೋನ್ ಕಡಿಮೆಯಾಗುತ್ತದೆ. ಟೆಸ್ಟೋಸ್ಟಿರೋನ್ ಹಿಡಿಯುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನೂ ಹಾಗೇ ಏರುತ್ತದೆ. ಲೈಂಗಿಕ ಆಸೆ ಬತ್ತಿದ್ದನ್ನು ನಾನು ಸುಮ್ನೆ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಚೀಟಿ ಬರೆಯುವಾಗಲೇ ಒಂದು ಮಾತು ಹೇಳಬಹುದಿತ್ತು ಅಲ್ವಾ? ಥೈರಾಕ್ಸಿನ್ ತಗೊಳ್ಳುವವರು ಎಷ್ಟು ಜನ ಇದ್ದಾರೆ!

ರಿಪೋರ್ಟ್‌ನಲ್ಲಿ ಇನ್ನೊಂದು ವಿಚಿತ್ರ ಇತ್ತು. ನುಂಗಿದ್ದು ಎಸ್ಟ್ರಾಡಿಯಾಲ್, ರಕ್ತದಲ್ಲಿ ಅದರ ಹಲವು ಪಟ್ಟು ಇದ್ದದ್ದು ಎಸ್ಟ್ರೋನ್ ಎಂಬ ಇನ್ನೊಂದು ಈಸ್ಟ್ರೋಜನ್. ಇದೂ ಲಿವರ್‌ನದೇ ಕೆಲಸ. ಮುಟ್ಟು ನಿಂತ ಮೇಲೆ ಏರುವ ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಇಳಿದಿತ್ತು, ಆದರೆ ಮುಟ್ಟು ಬರುತ್ತಿದ್ದ ಕಾಲದ ಮಟ್ಟಕ್ಕಲ್ಲ. ಹಾಗೆ ಆಗುವುದೇ ವಾಡಿಕೆ, ಗಾಬರಿ ಬೇಡ ಅಂದರು.

ಆಮೇಲೆ ಜೆಲ್‌ಗೆ ಬದಲಾಯಿಸಿದರು. ಚರ್ಮದಿಂದ ನೇರ ರಕ್ತಕ್ಕೆ. ಎಸ್ಟ್ರಾಡಿಯಾಲ್, ಎಸ್ಟ್ರೋನ್ ಎರಡೂ ಹತ್ತಿರಹತ್ತಿರ ಬಂದವು. ಥೈರಾಕ್ಸಿನ್ ಹಳೇ ಡೋಸ್‌ಗೇ ಮರಳಿತು. ಹೆಪ್ಪುಗಟ್ಟುವ ಅಪಾಯವೂ ಮಾತ್ರೆಗಿಂತ ಕಡಿಮೆ ಅಂದಾಗ ಮನಸ್ಸು ಹಗುರಾಯಿತು.

ಈಗ ರಾತ್ರಿ ಸ್ನಾನವಾದ ಮೇಲೆ ಮೈ ಚೆನ್ನಾಗಿ ಒರೆಸಿಕೊಂಡು, ಜೆಲ್ ತೊಡೆಗೆ ತೆಳ್ಳಗೆ ಸವರುತ್ತೇನೆ. ತಣ್ಣಗೆ, ಸ್ಪಿರಿಟ್ ವಾಸನೆ. ಒಣಗುವವರೆಗೆ ಕಿಟಕಿ ಹತ್ತಿರ ನಿಲ್ಲುತ್ತೇನೆ. ಆ ಐದು ನಿಮಿಷ ನನ್ನನ್ನು ಯಾರೂ ಕರೆಯುವುದಿಲ್ಲ. ಕೈ ತೊಳೆದು, ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ನುಂಗಿ ಮಲಗುತ್ತೇನೆ. ಗರ್ಭಕೋಶ ಇರುವವರು ಇದನ್ನು ಬಿಡುವ ಹಾಗಿಲ್ಲ, ಒಳಪದರ ದಪ್ಪವಾಗದಂತೆ ಕಾಯುವುದು ಇದೇ.

ಮೊದಮೊದಲು ತೋಳಿಗೆ ಹಚ್ಚುತ್ತಿದ್ದೆ. ಒಮ್ಮೆ ಅದೇ ತೋಳಿನಿಂದ ರಕ್ತ ತೆಗೆದರು. ಎಸ್ಟ್ರಾಡಿಯಾಲ್ ಹುಚ್ಚಾಪಟ್ಟೆ ಜಾಸ್ತಿ ಬಂತು! ಚರ್ಮದ ಮೇಲಿದ್ದ ಜೆಲ್ ಸೂಜಿಗೆ ತಗುಲಿತ್ತು ಅಷ್ಟೇ. ಇನ್ನೊಂದು ತೋಳಿನಲ್ಲಿ ತೆಗೆದಾಗ ಸರಿ ಇತ್ತು. ಆವತ್ತಿನಿಂದ ತೊಡೆಗೇ. ಮೊಮ್ಮಗುವನ್ನು ಎತ್ತಿಕೊಂಡಾಗ ತೋಳಿನ ಜೆಲ್ ಅದರ ಮೈಗೆ ತಗುಲೀತು ಎಂಬ ಭಯವೂ ಇಲ್ಲ.

ಹೋದ ವಾರ ಎರಡು ಪಂಪ್‌ನಿಂದ ಒಂದಕ್ಕೆ ಇಳಿಸಿದ್ದಾರೆ. ನಿನ್ನೆ ರಾತ್ರಿಯೂ ದಿಂಬು ಒಣಗೇ ಇತ್ತು.