ಮೂರು ಹೊಗೆರಹಿತ ಫೈರ್ ಪಿಟ್‌ಗಳು: ಚಳಿಗೆ ಯಾವುದು, ಅಡುಗೆಗೆ ಯಾವುದು

ನಮ್ಮ ಅಪ್ಪನಿಗೆ ಬೆಂಕಿ ಮುಂದೆ ಕೂರುವುದೆಂದರೆ ಪ್ರಾಣ. ಆದರೆ ಅವರಿಗೆ ಉಬ್ಬಸ. ಹೊಗೆ ಒಂದು ಸಲ ಮುಖಕ್ಕೆ ಬಡಿಯಿತೆಂದರೆ ರಾತ್ರಿಯೆಲ್ಲ ಎದೆ ಗೊರಗೊರ ಅನ್ನುತ್ತದೆ. ಹೊಗೆ ಬರದ, ಎತ್ತಿಕೊಂಡು ಓಡಾಡಬಹುದಾದ ಅಗ್ಗಿಷ್ಟಿಕೆ, ಅಂದರೆ ಫೈರ್ ಪಿಟ್, ಇದೆ ಎಂದು ಗೊತ್ತಾದಾಗ ನಾನು ಹಿಂದೆಮುಂದೆ ನೋಡದೆ ಒಂದನ್ನು ತಂದೆ. ಅದು ಸಾಲದೆ ಇನ್ನೊಂದು, ಆಮೇಲೆ ಮತ್ತೊಂದು. ಎರಡು ಚಳಿಗಾಲ ಮೂರನ್ನೂ ಉರಿಸಿ, ಮೂರರ ಮೇಲೂ ಅಡುಗೆ ಮಾಡಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಹೊಗೆ ಕಡಿಮೆ, ಮೈಗೆ ಶಾಖ, ಒಳ್ಳೆಯ ಅಡುಗೆ, ಈ ಮೂರೂ ಒಂದೇ ಡಬ್ಬದಲ್ಲಿ ಸಿಗುತ್ತವೆ ಎಂದುಕೊಂಡು ಕೊಳ್ಳಬೇಡಿ. ಒಂದನ್ನು ಹೆಚ್ಚು ಮಾಡಲು ಹೋದರೆ ಇನ್ನೊಂದು ಕಡಿಮೆಯಾಗುತ್ತದೆ. ಅದು ನನಗೆ ಮೊದಲೇ ಗೊತ್ತಿದ್ದರೆ ಮೂರು ಕೊಳ್ಳುತ್ತಿರಲಿಲ್ಲ.

ಹೊಗೆ ಎಂದರೆ ಉರಿಯದೆ ತಪ್ಪಿಸಿಕೊಂಡ ಕಟ್ಟಿಗೆ. ಒಣ ಕಟ್ಟಿಗೆ ಕಾದಾಗ ಅದರ ತೂಕದ ಐದರಲ್ಲಿ ನಾಲ್ಕು ಪಾಲಿನಷ್ಟು ಅನಿಲವಾಗಿ, ಆವಿಯಾಗಿ ಹೊರಬರುತ್ತದೆ, ಉಳಿದದ್ದು ಕೆಂಡ. ಬಯಲಲ್ಲಿ ಹಾಕಿದ ಬೆಂಕಿಯಲ್ಲಿ ಆ ಅನಿಲದ ಒಂದು ಭಾಗ ಉರಿಯುವ ಮೊದಲೇ ತಣ್ಣಗಾಗಿ, ಕಣ್ಣು ಉರಿಸುವ ಹೊಗೆಯಾಗುತ್ತದೆ. ಎರಡು ಗೋಡೆಯ ಫೈರ್ ಪಿಟ್‌ನಲ್ಲಿ ಬುಡದ ತೂತುಗಳಿಂದ ಒಳಹೋದ ಗಾಳಿ ಎರಡು ಪಾಲಾಗುತ್ತದೆ. ಒಂದು ಪಾಲು ನೇರ ಕಟ್ಟಿಗೆಯ ಅಡಿಗೆ ಹೋಗುತ್ತದೆ. ಇನ್ನೊಂದು ಪಾಲು ಎರಡು ಗೋಡೆಗಳ ನಡುವೆ ಏರುತ್ತಾ ಕಾದು, ಬಾಯಂಚಿನ ಕೆಳಗಿನ ಸಾಲು ತೂತುಗಳಿಂದ ಒಳಕ್ಕೆ ನುಗ್ಗುತ್ತದೆ. ಅಲ್ಲಿ ಬಿಸಿ ಅನಿಲಕ್ಕೆ ಬಿಸಿ ಗಾಳಿ ಸಿಕ್ಕಿ ಹೊಗೆಗೇ ಬೆಂಕಿ ಹತ್ತುತ್ತದೆ. ಇದಕ್ಕೆ ಆ ಜಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹಾಗಾಗಿ ಹಚ್ಚಿದ ಕೂಡಲೇ ಯಾವ ಫೈರ್ ಪಿಟ್ಟೂ ಹೊಗೆರಹಿತವಲ್ಲ. ಮೊದಲ ಹತ್ತು ಹದಿನೈದು ನಿಮಿಷ ಅಪ್ಪನನ್ನು ಒಳಗೇ ಕೂರಿಸಿರುತ್ತೇನೆ.

ಮೊದಲು ತಂದದ್ದು ಇದೇ ಎರಡು ಗೋಡೆಯ ದುಂಡನೆಯ ಉಕ್ಕಿನ ಡ್ರಮ್. ಈ ಬಗೆಯಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ಸೋಲೋ ಸ್ಟೋವ್. ಆ ಕಂಪನಿಯ ರೇಂಜರ್ ಮಾದರಿ ಸುಮಾರು 38 ಸೆಂಟಿಮೀಟರ್ ಅಗಲ, 7 ಕೆಜಿ ಆಸುಪಾಸು. ಬಾನ್‌ಫೈರ್ ಸುಮಾರು 50 ಸೆಂಟಿಮೀಟರ್, 10 ಕೆಜಿ ಆಸುಪಾಸು. 2022ರಿಂದ ಬಂದ ಮಾದರಿಗಳಲ್ಲಿ ಬೂದಿ ತಟ್ಟೆಯನ್ನು ಹೊರಗೆ ತೆಗೆಯಬಹುದು. ಬೂದಿ ಚೆಲ್ಲಲು ಡ್ರಮ್ಮನ್ನೇ ಬೋರಲು ಹಾಕಬೇಕಿಲ್ಲ ಎನ್ನುವುದು ಸಣ್ಣ ವಿಷಯವಲ್ಲ. ನನ್ನದು ಬೇರೆ ಕಂಪನಿಯದು, ಅದೇ ವಿನ್ಯಾಸ.

ಹೊಗೆ ಸುಡುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಕಟ್ಟಿಗೆ ಚೆನ್ನಾಗಿ ಹತ್ತಿಕೊಂಡ ಮೇಲೆ ಬಾಯಂಚಿಗೆ ಕಣ್ಣಿಟ್ಟು ನೋಡಿ. ಒಂದೊಂದು ತೂತಿನ ಮುಂದೆಯೂ ಒಂದೊಂದು ಪುಟ್ಟ ಜ್ವಾಲೆ ಹುಟ್ಟುತ್ತದೆ, ಅದು ಹೊರಕ್ಕಲ್ಲ, ನಡುವಿಗೆ ಬಾಗಿರುತ್ತದೆ. ಬಾಚಣಿಗೆಯ ಹಲ್ಲುಗಳ ಹಾಗೆ ಸುತ್ತಲೂ ಜ್ವಾಲೆ, ಅದರ ಮೇಲೆ ನಡುಗುವ ಬಿಸಿಗಾಳಿ ಬಿಟ್ಟರೆ ಏನೂ ಇಲ್ಲ. ಮೊದಲ ಸಲ ಅದನ್ನು ಕಂಡಾಗ ನನಗೆ ಕಣ್ಣು ತುಂಬಿ ಬಂತು. ಎಷ್ಟೋ ವರ್ಷಗಳ ಮೇಲೆ ಅಪ್ಪ ಬೆಂಕಿ ಮುಂದೆ ಕೆಮ್ಮದೆ ಕೂತಿದ್ದರು.

ಅರ್ಧ ಗಂಟೆಯಾದ ಮೇಲೆ ಅವರೇ ಅಂದರು: "ಮುಖಕ್ಕೆ ಬಿಸಿ ತಾಗ್ತಿದೆ, ಕಾಲಿಗೆ ಏನೂ ಇಲ್ವಲ್ಲೇ."

ನಿಜ. ಎರಡು ಗೋಡೆ, ನಡುವೆ ಹರಿಯುವ ಗಾಳಿ. ಹೊರಗೋಡೆಗೆ ಹೋಗಬೇಕಾದ ಶಾಖವನ್ನು ಆ ಗಾಳಿ ಹೊತ್ತುಕೊಂಡು ಮತ್ತೆ ಬಾಯಂಚಿಗೇ ತರುತ್ತದೆ. ಹೊಗೆ ಸುಡುವ ಉಪಾಯವೇ ಅದು. ಮೈ ಬೆಚ್ಚಗಾಗುವುದು ಕೆಂಡದಿಂದ, ಜ್ವಾಲೆಯಿಂದ ನೇರವಾಗಿ ಬರುವ ಝಳದಿಂದ. ಇಲ್ಲಿ ಕೆಂಡ ಬುಡದಲ್ಲಿ, ಗೋಡೆಯ ಮರೆಯಲ್ಲಿ ಅಡಗಿದೆ. ಜ್ವಾಲೆ ಬಾಯಂಚಿನ ಮೇಲೆ ಇರುವವರೆಗೆ ಮುಖ, ಎದೆ ಬೆಚ್ಚಗಿರುತ್ತವೆ. ಕಟ್ಟಿಗೆ ಕೆಂಡವಾಗಿ ಕುಸಿದರೆ ನಿಗಿನಿಗಿ ಕೆಂಡ ತುಂಬಿದ್ದರೂ ಮೊಣಕಾಲಿಗೆ ತಣ್ಣನೆ ಗಾಳಿ. ಬೆಚ್ಚಗಿರಬೇಕೆಂದರೆ ಕಟ್ಟಿಗೆಯ ಸೀಳು ಹಾಕುತ್ತಲೇ ಇರಬೇಕು, ಇದು ಕಟ್ಟಿಗೆಯನ್ನು ನುಂಗುವ ವೇಗವೂ ಕಡಿಮೆಯಲ್ಲ. ಮೇಲೆ ಛತ್ರಿಯಂತೆ ನಿಂತು ಶಾಖವನ್ನು ಸುತ್ತಲಿಗೆ ತಿರುಗಿಸುವ ತಗಡು ಪ್ರತ್ಯೇಕವಾಗಿ ಸಿಗುತ್ತದೆ. ಅದರಿಂದ ವ್ಯತ್ಯಾಸ ಖಂಡಿತ ತಿಳಿಯುತ್ತದೆ. ಆದರೆ ಅದನ್ನಿಟ್ಟ ಮೇಲೆ ಬೆಂಕಿಯ ಅಂದ ಮುಚ್ಚಿಹೋಗುತ್ತದೆ, ಸೀಳು ಹಾಕಲು ಕೈ ತೂರಿಸುವುದೂ ಕಷ್ಟ. ನಾಲ್ಕಾರು ಜನ ಸುತ್ತ ನಿಂತು ಮಾತಾಡುವುದಕ್ಕೆ ಡ್ರಮ್ ಚೆನ್ನ. ವಯಸ್ಸಾದವರು ತಗ್ಗು ಕುರ್ಚಿಯಲ್ಲಿ ಕೂತು ಕಾಲು ಕಾಯಿಸಿಕೊಳ್ಳುವುದಕ್ಕೆ ಅಲ್ಲ.

ಡ್ರಮ್ಮಿನ ಮೇಲೆ ಅಡುಗೆ ಮಾಡಲು ಹೋಗಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಅಗಲವಾದ ಬಾಣಲೆಯನ್ನು ನೇರ ಬಾಯಿಯ ಮೇಲಿಟ್ಟೆ. ಒಂದೇ ನಿಮಿಷ, ಬಾಣಲೆಯ ಸುತ್ತಲಿಂದ ಹಳದಿ ಬಣ್ಣದ ದಟ್ಟ ಹೊಗೆ ಭುಸ್ಸನೆ ಎದ್ದಿತು. ಅಪ್ಪ ಎದ್ದು ಒಳಗೆ ಓಡಬೇಕಾಯಿತು. ಬಾಯಿ ಮುಚ್ಚಿದರೆ ಗಾಳಿಯ ಎಳೆತ ನಿಲ್ಲುತ್ತದೆ, ಮೇಲಿನ ತೂತುಗಳ ಉರಿ ಆರುತ್ತದೆ, ತಣ್ಣನೆಯ ಲೋಹಕ್ಕೆ ಬಡಿದ ಅನಿಲ ಮಸಿಯಾಗುತ್ತದೆ. ಪಾತ್ರೆಯನ್ನು ಅಂಚಿನಿಂದ ಒಂದು ಗೇಣಾದರೂ ಮೇಲೆ ಹಿಡಿಯುವ ಸ್ಟ್ಯಾಂಡ್ ಇದ್ದರೆ ಈ ತೊಂದರೆ ಇಲ್ಲ. ನೀರು ಕಾಯಿಸಲು ಅಷ್ಟು ಸಾಕು. ಮೊಟ್ಟೆ, ತರಕಾರಿ ಹುರಿಯುವಂಥ ಹದದ ಕೆಲಸಕ್ಕೆ ಡ್ರಮ್ ಆಗದು. ಉರಿ ಒಂದು ಕಡೆ ಜೋರು, ಒಂದು ಕಡೆ ಇಲ್ಲವೇ ಇಲ್ಲ. ಕೆಂಡವಾಗಲಿ ಎಂದು ಕಾದರೆ ಕೆಂಡ ಪಾತ್ರೆಯಿಂದ ದೂರ, ತಳದಲ್ಲಿ.

ಶಕ್ತಿಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿದೆ. 20 ಡಿಗ್ರಿಯ ಎರಡು ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರಲು ಬೇಕಾದ ಶಾಖ ಸುಮಾರು 670 ಕಿಲೋಜೂಲ್. ಒಂದು ಕೆಜಿ ಒಣ ಕಟ್ಟಿಗೆಯಲ್ಲಿ ಇರುವುದು ಸುಮಾರು 15,000 ಕಿಲೋಜೂಲ್. ಎಂದರೆ ಶಾಖ ಒಂದು ಚೂರೂ ವ್ಯರ್ಥವಾಗದಿದ್ದರೆ 45 ಗ್ರಾಂ ಚಕ್ಕೆ ಸಾಕು. ನಾನು ಡ್ರಮ್ಮಿಗೆ ಹಾಕಿದ್ದು ಒಂದು ಕೆಜಿಗೂ ಮೇಲೆ. ಬರೀ ಅಡುಗೆಗೆಂದೇ ಕೊಳ್ಳುವವರು ಚಿಕ್ಕ ಕ್ಯಾಂಪ್ ಸ್ಟೋವ್ ಕೊಳ್ಳಲಿ, ಅದರಲ್ಲಿ ಹಿಡಿ ಪುಳ್ಳೆಯಲ್ಲೇ ಕೆಲಸ ಆಗುತ್ತದೆ.

ಎರಡನೆಯದು ಜಾಲರಿ ಗೋಡೆಯ ಉದ್ದನೆಯ ತೊಟ್ಟಿ, ಪಕ್ಕದಲ್ಲಿ ಬ್ಯಾಟರಿಯ ಫ್ಯಾನ್. ಬಯೋಲೈಟ್ ಕಂಪನಿಯ ಫೈರ್‌ಪಿಟ್‌ನಿಂದ ಹೆಸರಾದ ವಿನ್ಯಾಸ ಇದು. ಅದರಲ್ಲಿ ಗಾಳಿ ಊದುವ 51 ಕಿಂಡಿಗಳಿವೆ, ತೂಕ ಸುಮಾರು 9 ಕೆಜಿ. ಫ್ಯಾನಿನ ವೇಗವನ್ನು ಫೋನಿನಿಂದಲೂ ಬದಲಿಸಬಹುದು. ಕಟ್ಟಿಗೆಯ ತಟ್ಟೆಯನ್ನು ಮೇಲಕ್ಕೆತ್ತಿ ಸಿಕ್ಕಿಸಿದರೆ ಇದ್ದಿಲಿನ ಗ್ರಿಲ್ ಆಗುತ್ತದೆ. ನನ್ನ ಬಳಿ ಇರುವುದು ಇದೇ ಬಗೆಯ ಇನ್ನೊಂದು.

ಅಪ್ಪನ ಕಾಲು ಬೆಚ್ಚಗಾದದ್ದು ಇದರ ಮುಂದೆ. ಜಾಲರಿಯಾದ್ದರಿಂದ ಕೆಂಡದ ಝಳ ನೇರ ಮೊಣಕಾಲಿಗೆ, ಪಾದಕ್ಕೆ ಬರುತ್ತದೆ. ಇದನ್ನು ಪರೀಕ್ಷಿಸಲು ಎರಡರ ಮುಂದೆಯೂ ಅಷ್ಟೇ ದೂರದಲ್ಲಿ, ಮೊಣಕಾಲ ಎತ್ತರಕ್ಕೆ ಅಂಗೈ ಹಿಡಿದು ಕೂತೆ. ಡ್ರಮ್ಮಿನ ಮುಂದೆ ಬೇಕೆನಿಸಿದಷ್ಟು ಹೊತ್ತು ಹಿಡಿಯಬಹುದಿತ್ತು. ಜಾಲರಿಯ ಮುಂದೆ ಅರ್ಧ ನಿಮಿಷಕ್ಕೆ ಕೈ ಹಿಂತೆಗೆದೆ. ಹಾಕಿದ್ದು ಡ್ರಮ್ಮಿಗಿಂತ ಕಡಿಮೆ ಕಟ್ಟಿಗೆ. ಉರಿ ಇಳಿದ ಮೇಲೂ ಕೆಂಡದ ಬಿಸಿ ಮುಗಿಯುವುದಿಲ್ಲ, ಚಳಿ ಕಾಯಿಸುವವರಿಗೆ ಆ ಕೊನೆಯ ಗಂಟೆಯೇ ಮುಖ್ಯ.

ಹೊಗೆಯ ವಿಷಯದಲ್ಲಿ ಇದು ಡ್ರಮ್ಮಿಗಿಂತ ಅರ್ಧ ಹೆಜ್ಜೆ ಹಿಂದೆ. ಫ್ಯಾನ್ ಓಡುತ್ತಿರುವಾಗ ಹೊಗೆ ಕಾಣುವುದಿಲ್ಲ. ಗಾಳಿ ಅಡ್ಡ ಬೀಸಿದರೆ ಜಾಲರಿಯ ಸಂದಿಯಿಂದ ಒಂದೆರಡು ಎಳೆ ಬರುತ್ತದೆ. ಸೀಳನ್ನು ಗಾಳಿ ಕಿಂಡಿಗಳ ಮಟ್ಟಕ್ಕಿಂತ ಮೇಲೆ ಪೇರಿಸಿದರೂ ಹಾಗೇ. ಕೈಮಣಿಕಟ್ಟಿಗಿಂತ ದಪ್ಪದ ಸೀಳು ಇದಕ್ಕೆ ಹಿಡಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ಬ್ಯಾಟರಿ. ಒಂದು ರಾತ್ರಿ ನಡುವೆ ಫ್ಯಾನ್ ನಿಂತುಹೋಯಿತು. ಚಾರ್ಜ್ ತುಂಬಿದೆ ಎಂದು ದೀಪ ತೋರಿಸುತ್ತಿದ್ದರೂ ಚಳಿಗೆ ಬ್ಯಾಟರಿ ಸೋತಿತ್ತು. ಎರಡೇ ನಿಮಿಷದಲ್ಲಿ ಅದು ಮಾಮೂಲಿ ಹೊಗೆ ಬೆಂಕಿಯಾಯಿತು. ದೂರು ಕೊಟ್ಟು ಬೇರೆ ಬ್ಯಾಟರಿ ತರಿಸಿಕೊಳ್ಳುವಷ್ಟರಲ್ಲಿ ಆ ಸಲದ ಚಳಿ ಮುಗಿದಿತ್ತು. ಫ್ಯಾನಿನದನ್ನು ಕೊಳ್ಳುವವರು ಉರಿಯುತ್ತಿರುವಾಗಲೇ ಪವರ್‌ಬ್ಯಾಂಕ್ ಸಿಕ್ಕಿಸಬಹುದೇ, ಆ ತಂತಿ ಶಾಖದಿಂದ ದೂರ ನಿಲ್ಲುತ್ತದೆಯೇ ಎಂದು ಮೊದಲು ನೋಡಿ.

ಇದ್ದಿಲು ಹಾಕಿ ಮೇಲೆ ಗ್ರಿಲ್ ಇಟ್ಟರೆ ಅಡುಗೆ ಚೆನ್ನಾಗಿಯೇ ಆಗುತ್ತದೆ. ಫ್ಯಾನ್ ಏರಿಸಿ ಇಳಿಸಿ ಉರಿಯ ಹದ ನೋಡಿಕೊಳ್ಳಬಹುದು, ಗ್ಯಾಸ್ ಒಲೆಯ ಕಿವಿ ತಿರುಗಿಸಿದಷ್ಟು ಸಲೀಸು. ಆದರೆ ಜಾಗ ಕಿರಿದು. ಭಾರದ ಬೀಡಿನ ಬಾಣಲೆ ಇಡಲು ನನಗೆ ಧೈರ್ಯ ಬರಲಿಲ್ಲ.

ಮೂರನೆಯದು ದಪ್ಪ ಉಕ್ಕಿನದು, ಬಾಯಿಯ ಸುತ್ತ ಅಗಲವಾದ ಚಪ್ಪಟೆ ಅಂಚು. ಬ್ರಿಯೋ ಎಂಬ ಕಂಪನಿ ಈ ಬಗೆಯದನ್ನು ಅಡುಗೆಗೆಂದೇ ಮಾಡುತ್ತದೆ. ಆ ಅಂಚೇ ತವೆ. ಪಕ್ಕದಲ್ಲಿ ನೆಟ್ಟ ಕಂಬಕ್ಕೆ ಗ್ರಿಲ್ ಸಿಕ್ಕಿಸಿ ಬೇಕಾದ ಎತ್ತರಕ್ಕೆ ನಿಲ್ಲಿಸಬಹುದು, ಬೇಡವಾದಾಗ ಪಕ್ಕಕ್ಕೆ ತಿರುಗಿಸಬಹುದು. ನನಗೆ ಇದರ ಮೇಲೆ ವಿಶೇಷ ಪ್ರೀತಿ. ಅಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಎಲ್ಲಿ ಎಷ್ಟು ಬಿಸಿಯಿದೆ ಎಂದು ಅದೇ ಹೇಳುತ್ತದೆ. ಒಳಬದಿಯಲ್ಲಿ ಹನಿ ಮುತ್ತಿನ ಹಾಗೆ ಉರುಳಾಡಿದರೆ ಅಲ್ಲಿ ಚುರುಗುಟ್ಟಿಸುವ ಕೆಲಸ. ಹೊರಬದಿಯಲ್ಲಿ ಸುಮ್ಮನೆ ಗುಳ್ಳೆಯೆದ್ದು ಆರಿದರೆ ಅಲ್ಲಿ ಬೆಚ್ಚಗಿಡುವ ಕೆಲಸ. ಆಲೂಗಡ್ಡೆ ಬಿಲ್ಲೆಗಳನ್ನು ಒಳಗಿನಿಂದ ಹೊರಕ್ಕೆ ಸರಿಸುತ್ತಾ ಹೋದರೆ ಒಂದೂ ಸೀಯುವುದಿಲ್ಲ. ಇದೆಲ್ಲ ನಡೆಯುವುದು ಬಾಯಿ ಮುಚ್ಚದೆ. ನಡುವೆ ಬೆಂಕಿ ತನ್ನ ಪಾಡಿಗೆ ಉರಿಯುತ್ತಿರುತ್ತದೆ, ಹೊಗೆ ಸುಡುವ ಕೆಲಸ ಕೆಡುವುದಿಲ್ಲ. ಅಡುಗೆ ಮಾಡುವಾಗಲೂ ಅಪ್ಪ ಪಕ್ಕದಲ್ಲೇ ಕೂರಬಹುದು ಎನ್ನುವುದು ನನಗೆ ಈ ಒಂದರಲ್ಲೇ ಸಿಕ್ಕ ಭಾಗ್ಯ.

ಭಾರ ಮಾತ್ರ ಹೇಳತೀರದು. "ಪೋರ್ಟಬಲ್" ಎಂದು ಬರೆದಿದ್ದರೂ ಇಬ್ಬರು ಬೇಕು. ಹತ್ತಿಕೊಂಡು ಕಾಯಲು ಹೊತ್ತು ಹೆಚ್ಚು, ಆರಲು ಇನ್ನೂ ಹೆಚ್ಚು. ದಪ್ಪ ಉಕ್ಕು ಕಾದ ಮೇಲೆ ಪಕ್ಕಕ್ಕೂ ಒಂದಷ್ಟು ಬಿಸಿ ಕೊಡುತ್ತದೆ, ಜಾಲರಿಯಷ್ಟು ಅಲ್ಲ.

ಕಟ್ಟಿಗೆಯ ಬಗ್ಗೆ ಹೇಳದಿದ್ದರೆ ಇದೆಲ್ಲ ಬರೆದದ್ದೇ ದಂಡ. ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಹಸಿ ಸೌದೆ ಹಾಕಿದರೆ ಎಷ್ಟು ದುಬಾರಿಯ ಫೈರ್ ಪಿಟ್ಟೂ ಹೊಗೆಯನ್ನೇ ಕಾರುತ್ತದೆ. ಆಗ ಬೆಂಕಿ ಮೊದಲು ನೀರನ್ನು ಆವಿ ಮಾಡಬೇಕು, ಪ್ರತಿ ಲೀಟರಿಗೆ ಸುಮಾರು 2,260 ಕಿಲೋಜೂಲ್ ಅದಕ್ಕೇ ಹೋಗುತ್ತದೆ, ಮೇಲಿನ ತೂತುಗಳ ಹತ್ತಿರ ಬೇಕಾದ ಬಿಸಿ ಏರುವುದೇ ಇಲ್ಲ. ತೇವ ಅಳೆಯುವ ಎರಡು ಮುಳ್ಳಿನ ಸಣ್ಣ ಮೀಟರ್ ಸಿಗುತ್ತದೆ. ಹೊರಗಿನ ತೊಗಟೆಗೆ ಚುಚ್ಚಬೇಡಿ, ಆಗತಾನೇ ಸೀಳಿದ ಒಳಮೈಗೆ ಚುಚ್ಚಿ. ನನ್ನ ಡ್ರಮ್ ಹೊಗೆಯಾಡಿದ ದಿನಗಳಲ್ಲಿ ತಪ್ಪು ಬಹುತೇಕ ಡ್ರಮ್ಮಿನದಾಗಿರಲಿಲ್ಲ, ಒಂದು ರಾತ್ರಿ ಮಳೆಗೆ ಸಿಕ್ಕ ಸೌದೆಯದಾಗಿತ್ತು. ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರು ಇವನ್ನಂತೂ ಹಾಕಲೇಬೇಡಿ, ಅವುಗಳ ಹೊಗೆ ವಿಷ.

ಬೂದಿಯನ್ನು ಪ್ರತಿ ಸಲ, ಪೂರ್ತಿ ತಣ್ಣಗಾದ ಮೇಲೆ ತೆಗೆಯಿರಿ. ಬುಡದ ತೂತು ಮುಚ್ಚಿದರೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಹೊಗೆ. ಬೂದಿಯ ಮೇಲೆ ಮಳೆ ಬಿದ್ದರೆ ಆ ರಾಡಿ ಉಕ್ಕನ್ನು ತಿನ್ನುತ್ತದೆ. ನನ್ನ ಡ್ರಮ್ಮಿನ ತಳದ ಬೆಸುಗೆ ಬಿಟ್ಟದ್ದು ಹಾಗೆ. ಕಾದ ಉಕ್ಕಿಗೆ ನೀರು ಸುರಿದು ಆರಿಸಬೇಡಿ, ತಗಡು ಸೊಟ್ಟಗಾಗುತ್ತದೆ, ಎದ್ದ ಹಬೆ ಕೈ ಸುಡುತ್ತದೆ. ಅಂಚಿನ ಹತ್ತಿರ ನೀಲಿ, ಹೊನ್ನಿನ ಬಣ್ಣ ಬಂದರೆ ಗಾಬರಿ ಬೇಡ, ಅದು ಕಾದ ಸ್ಟೇನ್‌ಲೆಸ್ ಉಕ್ಕಿನ ಸಹಜ ಬಣ್ಣ.

ಹೊಗೆ ಕಾಣುತ್ತಿಲ್ಲ ಎಂದು ಟೆಂಟಿನೊಳಗೆ, ಗ್ಯಾರೇಜಿನೊಳಗೆ ಇಟ್ಟುಕೊಳ್ಳುವ ಯೋಚನೆಯನ್ನೇ ಮಾಡಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಂಡದಿಂದ ಅದು ಬಂದೇ ಬರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳೂ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಉಬ್ಬಸ ಇರುವವರನ್ನು ಗಾಳಿ ಬರುವ ದಿಕ್ಕಿಗೇ ಕೂರಿಸಬೇಕು, ಇನ್ಹೇಲರ್ ಕೈಗೆ ಸಿಗುವಂತಿರಬೇಕು.

ಈಗ ಡ್ರಮ್ ಅಕ್ಕನ ಮನೆಯಲ್ಲಿದೆ. ಬೆಸುಗೆ ಹಾಕಿಸಿಕೊಂಡಿದ್ದಾರೆ, ಅವರ ಮನೆಯಲ್ಲಿ ಹುಡುಗರು ಹೆಚ್ಚು, ಎಲ್ಲರೂ ನಿಂತೇ ಇರುತ್ತಾರೆ. ದಪ್ಪ ಅಂಚಿನದು ನಮ್ಮ ಮನೆಯ ಹಿಂದೆ ಒಂದೇ ಜಾಗದಲ್ಲಿ ಊರಿಕೊಂಡಿದೆ, ರಜಾ ದಿನದ ಅಡುಗೆ ಅದರ ಮೇಲೆ. ಉಳಿದ ಸಂಜೆಗಳಿಗೆ ಫ್ಯಾನಿನದು. ಅಪ್ಪನ ಕುರ್ಚಿಯಿಂದ ಒಂದೂವರೆ ಮೀಟರ್ ದೂರದಲ್ಲಿ ಇಡುತ್ತೇನೆ, ಕಾಲಿನ ಮೇಲೆ ಉಣ್ಣೆಯ ಹೊದಿಕೆ ಹಾಕುತ್ತೇನೆ. ನೈಲಾನ್ ಬೇಡ, ಕಿಡಿ ಬಿದ್ದರೆ ಕರಗಿ ಅಂಟುತ್ತದೆ. ಪವರ್‌ಬ್ಯಾಂಕನ್ನು ನನ್ನ ಸ್ವೆಟರಿನ ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡಿರುತ್ತೇನೆ.